ಒಂಟಿ ಮೀನಿನ ತಂಟೆ

ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಜೀವಶಾಸ್ತ್ರ ಬೋಧಿಸಿದವನು ನಾನು. ಮೀನಿನ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ದೊಡ್ಡದೊಂದು ಮೀನನ್ನು ಬರೆದು, ಕಿವಿರು ಇಲ್ಲಿ, ಪಾರ್ಶ್ವರೇಖೆ ಇಲ್ಲಿ, ಗಾಳಿಚೀಲ ಇದರ ಒಳಗೆ, ಈಜುರೆಕ್ಕೆಗಳು ಐದು ಬಗೆ ಎಂದು ಬಾಣದ ಗುರುತು ಹಾಕಿ ತೋರಿಸುತ್ತಿದ್ದೆ. ಆ ಚಿತ್ರವನ್ನು ಅಂದವಾಗಿ ಬರೆದವರಿಗೆ ಅರ್ಧ ಅಂಕ ಹೆಚ್ಚು ಕೊಡುತ್ತಿದ್ದುದನ್ನು ನಿಮ್ಮಲ್ಲಿ ಹಲವರು ಇಂದಿಗೂ ನೆನೆದು ನಗುತ್ತೀರಿ. ಕಬ್ಬನ್ ಉದ್ಯಾನದ ಅಂಚಿನಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯಕ್ಕೆ ನಿಮ್ಮನ್ನು ಸಾಲಾಗಿ ನಿಲ್ಲಿಸಿ ಕರೆದೊಯ್ದದ್ದೂ ನೆನಪಿರಬಹುದು. ಆದರೆ ಒಂದು ಮಾತನ್ನು ನಾನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಅಷ್ಟೆಲ್ಲ ಪಾಠ ಮಾಡಿದ ಈ ಮೇಷ್ಟ್ರು ಜೀವಂತ ಮೀನೊಂದನ್ನು ಒಂದು ವಾರವಾದರೂ ಸಾಕಿದವನಲ್ಲ.

ನಿವೃತ್ತನಾಗಿ ಯಲಹಂಕ ಉಪನಗರದ ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ನನಗೆ ಆ ಯೋಗವನ್ನು ತಂದುಕೊಟ್ಟವಳು ಮೊಮ್ಮಗಳು. ಅವಳ ಹುಟ್ಟುಹಬ್ಬಕ್ಕೆ ಅಳಿಯಂದಿರು ಒಂದು ಗಾಜಿನ ತೊಟ್ಟಿಯನ್ನು ತಂದರು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಅವರ ಫ್ಲಾಟಿನಲ್ಲಿ ಜಾಗವಿಲ್ಲವೆಂಬ ಕಾರಣಕ್ಕೆ ಅದು ನಮ್ಮ ಮನೆಯ ನಡುಮನೆಯಲ್ಲಿ ಪ್ರತಿಷ್ಠಾಪನೆಯಾಯಿತು. ಉಡುಗೊರೆ ಮೊಮ್ಮಗಳಿಗೆ, ಚಾಕರಿ ಅಜ್ಜನಿಗೆ. ಈ ಏರ್ಪಾಟಿಗೆ ನಾನು ಮೊದಮೊದಲು ಗೊಣಗಿದರೂ ಒಂದೇ ತಿಂಗಳಲ್ಲಿ ಆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳುವವನಾದೆ. ಎರಡು ಏಂಜಲ್, ಎರಡು ಗೌರಾಮಿ, ಆರು ಗಪ್ಪಿ ಮೀನುಗಳು. ಕೆಳಗೆ ಮರಳು, ನಡುವೆ ನಾಲ್ಕು ನೀರುಗಿಡ. ಸಂಜೆ ದೀಪ ಹಾಕಿದರೆ ಮನೆಗೆ ಬಂದವರೆಲ್ಲ ಎರಡು ನಿಮಿಷ ನಿಂತು ನೋಡುತ್ತಿದ್ದರು.

ಆ ಗಿಡಗಳ ಜೊತೆಯಲ್ಲಿ ಬಸವನ ಹುಳುವಿನ ಮೊಟ್ಟೆಗಳೂ ಬಂದಿದ್ದವೆಂದು ತೋರುತ್ತದೆ. ಎರಡು ತಿಂಗಳಲ್ಲಿ ಗಾಜಿನ ತುಂಬ ಸಾಸಿವೆ ಗಾತ್ರದಿಂದ ಕಡಲೆ ಗಾತ್ರದವರೆಗಿನ ಬಸವನ ಹುಳುಗಳು. ಯಶವಂತಪುರದ ಕಡೆ ಬ್ಯಾಂಕಿನ ಕೆಲಸಕ್ಕೆ ಹೋದವನು ಅಲ್ಲಿನ ಬಣ್ಣದ ಮೀನಿನ ಅಂಗಡಿಯೊಂದಕ್ಕೆ ಹೊಕ್ಕು ಪರಿಹಾರ ಕೇಳಿದೆ. ಅಂಗಡಿಯ ಹುಡುಗ ಒಂದು ಕ್ಷಣವೂ ಯೋಚಿಸದೆ, “ಬೋಟಿಯಾ ಹಾಕಿ ಸಾರ್, ಒಂದೇ ಸಾಕು, ಹತ್ತು ದಿನದಲ್ಲಿ ಕ್ಲೀನ್ ಮಾಡಿಬಿಡುತ್ತೆ” ಎಂದ. ತೆಳು ಹಸಿರು ಬೆರೆತ ಕೆನೆಬಣ್ಣದ ಮೈ, ಮೂತಿಯಿಂದ ಬಾಲದವರೆಗೆ ಬೆನ್ನ ಮೇಲೆ ಇದ್ದಿಲಿನಲ್ಲಿ ಎಳೆದಂತೆ ಒಂದು ಕಪ್ಪು ಗೆರೆ, ಬಾಯಿಯ ಸುತ್ತ ಸಣ್ಣ ಸಣ್ಣ ಮೀಸೆ. ಬೆರಳುದ್ದದ ಮುದ್ದಾದ ಮೀನು. ಪಾಲಿಥಿನ್ ಚೀಲದಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಅಂಗಡಿಯ ಹುಡುಗ ಸುಳ್ಳು ಹೇಳಿರಲಿಲ್ಲ. ಹತ್ತು ದಿನದಲ್ಲಿ ಬಸವನ ಹುಳುಗಳು ಬಹುಮಟ್ಟಿಗೆ ಮಾಯವಾದವು. ಮರಳಿನ ಮೇಲೆ ಖಾಲಿ ಚಿಪ್ಪುಗಳು ಮಾತ್ರ ಉಳಿದವು. ಹನ್ನೊಂದನೆಯ ದಿನದಿಂದ ಏನಾಗುತ್ತದೆ ಎಂಬುದನ್ನು ಅವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲು ಏಂಜಲ್ ಮೀನಿನ ಉದ್ದನೆಯ ಈಜುರೆಕ್ಕೆಯ ತುದಿ ಹರಿದ ಬಾವುಟದಂತಾಯಿತು. ಆಮೇಲೆ ಗಪ್ಪಿಗಳ ಬಾಲ ಹೋಯಿತು. ಒಂದು ಬೆಳಿಗ್ಗೆ ದೀಪ ಹಾಕಿದಾಗ ಗೌರಾಮಿಯೊಂದು ಮೂಲೆಯಲ್ಲಿ ಮೇಲ್ಮುಖವಾಗಿ ನಿಂತು ಏದುಸಿರು ಬಿಡುತ್ತಿತ್ತು. ಸಂಜೆಯ ಹೊತ್ತಿಗೆ ಸತ್ತಿತು. ನನ್ನಾಕೆ ಆ ಮೀನಿಗೆ ‘ಕೀಚಕ’ ಎಂದು ನಾಮಕರಣ ಮಾಡಿದಳು. ರಾತ್ರಿಯೆಲ್ಲ ಅಲೆದು ಹಗಲು ಕಲ್ಲಿನ ಸಂದಿಯಲ್ಲಿ ಅಡಗುವ ಅದರ ನಡತೆಗೆ ಹೆಸರು ಒಪ್ಪುವಂತೆಯೇ ಇತ್ತು. “ರೀ, ಮೊದಲು ಅದನ್ನು ತೆಗೆದು ಎಲ್ಲಾದರೂ ಬಿಟ್ಟು ಬನ್ನಿ, ಮಗು ಎದುರಿಗೆ ದಿನಾ ಒಂದೊಂದು ಸಾಯುವುದು ಬೇಡ” ಎಂದಳು. ನನಗೂ ಅದೇ ಸರಿಯೆನಿಸಿತು.

ಮರುದಿನ ನಸುಕಿನಲ್ಲಿ ಕೀಚಕನನ್ನು ಒಂದು ಬಾಟಲಿಗೆ ಹಾಕಿಕೊಂಡು ಯಲಹಂಕ ಕೆರೆಯ ಕಡೆಗೆ ವಾಯುವಿಹಾರಕ್ಕೆ ಹೊರಟೆ. ಅದನ್ನು ಹಿಡಿಯುವಾಗಲೇ ಒಂದು ಪ್ರಮಾದವಾಗಿತ್ತು. ಬಲೆಯಲ್ಲಿ ಸಿಕ್ಕಿಕೊಂಡ ಅದನ್ನು ಬೆರಳಿನಿಂದ ಬಿಡಿಸಹೋದಾಗ ಚುರ್ ಎಂದು ಚುಚ್ಚಿತು. ಮೀನಿಗೆ ಮುಳ್ಳು ಎಲ್ಲಿಂದ ಬಂತೆಂದು ನೋಡಿದರೆ ಕಣ್ಣಿನ ಕೆಳಗೆ. ಆ ಚುಚ್ಚುವಿಕೆ ನನ್ನಲ್ಲಿ ಏನನ್ನೋ ನೆನಪಿಸುತ್ತಿತ್ತು, ಏನೆಂದು ಹೊಳೆಯಲಿಲ್ಲ. ಕೆರೆಯ ಏರಿಯ ಮೇಲೆ ನಿಂತು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದಾಗ, ಮೂವತ್ತೈದು ವರ್ಷ ‘ಜೀವಪರಿಸರ’ದ ಪಾಠ ಮಾಡಿದವನ ಮನಸ್ಸಾಕ್ಷಿ ತಡವಾಗಿಯಾದರೂ ಎಚ್ಚೆತ್ತಿತು. ಮನೆಗೆ ಮರಳಿ, ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ದೂರವಾಣಿ ಮಾಡಿದೆ. 1969ರಲ್ಲಿ ಸ್ಥಾಪನೆಯಾದ ಆ ಕಾಲೇಜು ನಮ್ಮ ದೇಶದ ಮೊದಲ ಮೀನುಗಾರಿಕೆ ಕಾಲೇಜು ಎಂಬುದನ್ನು ಅವಳಿಗೆ ಹೇಳಿ ಅಲ್ಲಿಗೆ ಸೇರುವಂತೆ ಹುರಿದುಂಬಿಸಿದವನು ನಾನೇ. ಅಷ್ಟು ಋಣ ಅವಳ ಮೇಲಿತ್ತು.

“ತೊಟ್ಟಿ ಎಷ್ಟು ಅಡಿ ಸಾರ್?” ಎಂದಳು. ಎರಡು ಅಡಿ ಎಂದೆ. “ಲೋಚ್ ಎಷ್ಟಿವೆ?” ಒಂದೇ ಎಂದೆ. “ಜೊತೆಯಲ್ಲಿ ಯಾವ ಮೀನು?” ಏಂಜಲ್, ಗೌರಾಮಿ, ಗಪ್ಪಿ ಎಂದೆ. ಆ ತುದಿಯಲ್ಲಿ ಸ್ವಲ್ಪ ಹೊತ್ತು ಮೌನ. “ಸಾರ್, ಬೈಯಬೇಡಿ. ಮೂರಕ್ಕೂ ಸೊನ್ನೆ” ಎಂದು ನಕ್ಕಳು. ಆಮೇಲೆ ಅರ್ಧ ಗಂಟೆ ಅವಳು ಪಾಠ ಮಾಡಿದಳು, ನಾನು ಪಂಚಾಂಗದ ಹಿಂಬದಿಯಲ್ಲಿ ಟಿಪ್ಪಣಿ ಬರೆದುಕೊಂಡೆ. ಅದಾದ ಮೇಲೆ ನಾನೇ ಪುಸ್ತಕಗಳನ್ನು ಹುಡುಕಿ ಓದಿದೆ. ಹಾಗೆ ತಿಳಿದ ಸಂಗತಿಗಳನ್ನು ಮೊದಲು ಹೇಳಿ, ನನ್ನ ಅಭಿಪ್ರಾಯವನ್ನು ಆಮೇಲೆ ಹೇಳುತ್ತೇನೆ.

ಲೋಚ್ ಎಂಬುದು ಒಂದು ಮೀನಿನ ಹೆಸರಲ್ಲ. ನೀರಿನ ತಳದಲ್ಲಿ ಬದುಕುವ, ಬಾಯಿಯ ಸುತ್ತ ಮೀಸೆಯುಳ್ಳ ಮೀನುಗಳ ದೊಡ್ಡದೊಂದು ಬಳಗದ ಹೆಸರು. ಅದರಲ್ಲಿ ಬೋಟಿಯಾ ಎಂದು ಅಂಗಡಿಗಳಲ್ಲಿ ಕರೆಯುವ ಕುಲದವುಗಳಿಗೆ ಕಣ್ಣಿನ ಕೆಳಗೆ ಎರಡು ಕವಲಿನ ಮುಳ್ಳಿರುತ್ತದೆ. ಹೆದರಿದಾಗ ಅದನ್ನು ಹೊರಚಾಚಿ ನಿಲ್ಲಿಸುತ್ತವೆ. ನಮ್ಮ ಕೀಚಕ ‘ಸ್ಕಂಕ್ ಲೋಚ್’ ಎಂಬ ಜಾತಿಯದು. ಅದರ ತವರು ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾಗಳಲ್ಲಿ ಹರಿಯುವ ಮೆಕಾಂಗ್ ಮೊದಲಾದ ನದಿಗಳು. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ‘ಬೋಟಿಯಾ ಹೋರೇ’ ಎಂದಿದೆ. ಭಾರತದ ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ಅವರ ಗೌರವಾರ್ಥ 1931ರಲ್ಲಿ ಇಟ್ಟ ಹೆಸರದು. ಈ ಹೆಸರು ಈಗ ಬಳಕೆಯಲ್ಲಿಲ್ಲ. ಸುಮಾರು ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯದ ಈ ಮೀನು ತನ್ನ ಬಳಗದಲ್ಲೇ ಜಗಳಗಂಟಿಯೆಂದು ಪ್ರಸಿದ್ಧ. ನಿಧಾನವಾಗಿ ಈಜುವ, ಉದ್ದ ರೆಕ್ಕೆಯ ಮೀನುಗಳನ್ನು ಕಂಡರೆ ಅದು ಬಿಡುವುದಿಲ್ಲ.

ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಈ ಮೀನುಗಳು ಗುಂಪಿನಲ್ಲಿ ಬಾಳುವಂಥವು. ಗುಂಪಿನಲ್ಲಿ ಒಂದು ಯಜಮಾನಿಕೆಯ ಶ್ರೇಣಿ ಇರುತ್ತದೆ. ಯಾರು ಮೊದಲು, ಯಾರು ನಂತರ ಎಂಬುದನ್ನು ತಮ್ಮತಮ್ಮಲ್ಲೇ ತಳ್ಳಾಡಿ, ಸುತ್ತು ಹಾಕಿ, ಮೈಬಣ್ಣ ಪೇಲವ ಮಾಡಿಕೊಂಡು, ಟಿಕ್ ಟಿಕ್ ಎಂದು ಕೇಳುವಂಥ ಸದ್ದು ಮಾಡಿ ತೀರ್ಮಾನಿಸಿಕೊಳ್ಳುತ್ತವೆ. ಅವುಗಳ ಶಕ್ತಿಯ ಒಂದು ಪಾಲು ಈ ವ್ಯವಹಾರದಲ್ಲಿ ಕಳೆಯುತ್ತದೆ. ಒಂದನ್ನೇ ತಂದು ಇಕ್ಕಟ್ಟಿನ ತೊಟ್ಟಿಯಲ್ಲಿಟ್ಟರೆ ಈ ವ್ಯವಹಾರಕ್ಕೆ ಜನವೇ ಇಲ್ಲ. ಆಗ ಎರಡರಲ್ಲಿ ಒಂದಾಗುತ್ತದೆ. ಸಂಕೋಚದ ಜಾತಿಯಾದರೆ ಮೂಲೆ ಹಿಡಿದು, ಉಣ್ಣದೆ ಸೊರಗುತ್ತದೆ. ಗಟ್ಟಿ ಸ್ವಭಾವದ ಜಾತಿಯಾದರೆ ತನ್ನ ಭಾಷೆಯೇ ತಿಳಿಯದ ಏಂಜಲ್, ಗಪ್ಪಿಗಳ ಮೇಲೆ ಬೀಳುತ್ತದೆ. ನಮ್ಮ ಮನೆಯಲ್ಲಿ ಆದದ್ದು ಎರಡನೆಯದು.

ಈಗ ನನ್ನ ಅಭಿಪ್ರಾಯ. ‘ಬಸವನ ಹುಳು ತಿನ್ನುತ್ತದೆ, ಒಂದು ಹಾಕಿ’ ಎಂದು ಲೋಚ್ ಮೀನನ್ನು ಮಾರುವುದು ತಪ್ಪು, ಹಾಗೆ ಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಮಾರುವವನಿಗೆ ಹೊಟ್ಟೆಪಾಡು ಎಂಬ ಸಬೂಬಾದರೂ ಇದೆ. ಕೊಳ್ಳುವವನಿಗೆ ಏನಿದೆ? ಮನೆಗೆ ಕರೆತರುವ ಜೀವವನ್ನು ಒಂದು ಪೊರಕೆಯಂತೆ ಕಂಡು, ಕಸ ಗುಡಿಸಿದ ಮೇಲೆ ಅದೂ ಹೊಟ್ಟೆ, ಹಟ, ಸಿಟ್ಟು ಇರುವ ಪ್ರಾಣಿಯೆಂದು ತಿಳಿದು ಬೆಚ್ಚಿಬೀಳುವುದು ನಮ್ಮ ಅಜ್ಞಾನ. ಬಸವನ ಹುಳು ಹೆಚ್ಚಾಗಿದ್ದರೆ ಅದಕ್ಕೆ ಕಾರಣ ನಾವು ಹಾಕುವ ಮಿತಿಮೀರಿದ ಆಹಾರ. ಆಹಾರ ಕಡಿಮೆ ಮಾಡಿ, ರಾತ್ರಿ ಒಂದು ಬಿಲ್ಲೆ ಸೌತೆಕಾಯಿಯನ್ನು ಚಿಕ್ಕ ಕಲ್ಲಿಗೆ ಕಟ್ಟಿ ಮುಳುಗಿಸಿಟ್ಟು ಬೆಳಿಗ್ಗೆ ಎತ್ತಿದರೆ ಹತ್ತಾರು ಹುಳುಗಳು ಅದಕ್ಕೆ ಅಂಟಿಕೊಂಡು ಬರುತ್ತವೆ. ಒಂದು ವಾರ ಮಾಡಿ ನೋಡಿ. ಕಾಸಿನ ಖರ್ಚಿಲ್ಲ.

ಹಾಗಾದರೆ ಐದಾರು ಲೋಚ್‌ಗಳನ್ನು ಒಟ್ಟಿಗೆ ತಂದರೆ ಎಲ್ಲ ಸರಿಹೋಗುವುದೇ? ಇಲ್ಲಿ ಭಾವುಕರಾಗುವುದು ಬೇಡ. ಗುಂಪಿನಲ್ಲಿಟ್ಟರೆ ಜಗಳ ಹಂಚಿಹೋಗುತ್ತದೆ, ಇಲ್ಲವಾಗುವುದಿಲ್ಲ. ಸ್ಕಂಕ್ ಲೋಚ್ ಗುಂಪಿನಲ್ಲಿದ್ದಾಗಲೂ ಸೌಮ್ಯ ಮೀನುಗಳ ಜೊತೆಗೆ ಇಡತಕ್ಕದ್ದಲ್ಲ. ಇನ್ನೊಂದು, ಐದು ಮೀನು ಎಂದರೆ ಐದು ಮೀನಿಗೆ ಬೇಕಾದ ಜಾಗ. ನನ್ನ ಎರಡಡಿ ತೊಟ್ಟಿಯಲ್ಲಿ ಲೆಕ್ಕಕ್ಕೆ 56 ಲೀಟರ್ ನೀರು, ಮರಳು ಕಲ್ಲು ಕಳೆದರೆ ಐವತ್ತೂ ಇಲ್ಲ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಾದರೆ ಸುಮಾರು 255 ಲೀಟರ್. ಅಂಗಡಿಯಲ್ಲಿ ಎರಡು ಅಂಗುಲದ ಮರಿಯಾಗಿ ಸಿಗುವ ಕಿತ್ತಳೆ ಬಣ್ಣದ ಕ್ಲೌನ್ ಲೋಚ್ ಸುಮಾತ್ರಾ, ಬೋರ್ನಿಯೊ ದ್ವೀಪಗಳ ನದಿಯದು. ಅದು ಒಂದಡಿಯವರೆಗೆ ಬೆಳೆಯುತ್ತದೆ, ಇಪ್ಪತ್ತು ವರ್ಷ ಮೀರಿ ಬದುಕಬಲ್ಲದು. ನನ್ನ ವಯಸ್ಸಿನವರು ಅದನ್ನು ಕೊಳ್ಳುವ ಮೊದಲು ಯಾರ ಹೆಸರಿಗೆ ಉಯಿಲು ಬರೆಯುವುದೆಂದು ಯೋಚಿಸಬೇಕು. ನಮ್ಮ ಬೆಂಗಳೂರಿನ ಎರಡು ಕೋಣೆಯ ಮನೆಗಳಲ್ಲಿರುವ ಬಹುಪಾಲು ತೊಟ್ಟಿಗಳಿಗೆ ಈ ಜಾತಿಗಳು ಸಲ್ಲವು ಎಂಬುದೇ ನೇರವಾದ ಮಾತು.

ದೊಡ್ಡ ತೊಟ್ಟಿಯೂ ತಾಳ್ಮೆಯೂ ಇದ್ದು ಸಾಕಲೇಬೇಕೆನ್ನುವವರಿಗೆ ನಾನು ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ. ಜೊತೆಗೆ ಇಡುವುದಾದರೆ ಟೈಗರ್ ಬಾರ್ಬ್‌ನಂಥ ಚುರುಕಾಗಿ ಈಜುವ, ಗಿಡ್ಡ ರೆಕ್ಕೆಯ, ಮೇಲಿನ ಮತ್ತು ನಡುವಿನ ನೀರಿನಲ್ಲಿರುವ ಮೀನುಗಳನ್ನು ಇಡಿ. ಏಂಜಲ್, ಗಪ್ಪಿ, ಫೈಟರ್ ಬೇಡ, ತಳದಲ್ಲೇ ಇರುವ ಬಡಪಾಯಿ ಕೋರಿಡೋರಸ್ ಅಂತೂ ಬೇಡವೇ ಬೇಡ. ಉಳಿದ ಮೀನುಗಳನ್ನು ಮೊದಲು ಬಿಟ್ಟು, ಲೋಚ್‌ಗಳನ್ನು ಕೊನೆಗೆ, ಎಲ್ಲವನ್ನೂ ಒಟ್ಟಿಗೆ ಬಿಡಿ. ಮೀನುಗಳ ಸಂಖ್ಯೆಗಿಂತ ಅಡಗುದಾಣಗಳ ಸಂಖ್ಯೆ ಹೆಚ್ಚಿರಲಿ: ತೆಂಗಿನ ಚಿಪ್ಪು, ಒಡೆದ ಮಣ್ಣಿನ ಕುಡಿಕೆ, ಪಿ.ವಿ.ಸಿ. ಕೊಳವೆಯ ತುಂಡು ಎಲ್ಲವೂ ಆದೀತು, ಅಂಚು ಚೂಪಾಗಿರಬಾರದು. ಮೀಸೆಗಳು ಸವೆಯದಂತೆ ಕೆಳಗೆ ನುಣುಪು ಮರಳಿರಲಿ. ಆಹಾರದ ಒಂದು ಪಾಲನ್ನು ದೀಪ ಆರಿಸಿದ ಮೇಲೆ ಹಾಕಿ, ಅದು ತಳಕ್ಕೆ ಮುಳುಗುವಂಥದ್ದಾಗಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಕಾವೇರಿ ನೀರಾದರೆ ಕ್ಲೋರಿನ್ ಹೋಗುವಂತೆ ಬಕೆಟ್ಟಿನಲ್ಲಿ ಒಂದು ದಿನ ಹಿಡಿದಿಟ್ಟು ಹಾಕಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಯಲಹಂಕದ ಚಳಿಗೆ ಉಷ್ಣವಲಯದ ಈ ಮೀನುಗಳು ತತ್ತರಿಸುತ್ತವೆ, ಹೀಟರ್ ಬೇಕು. ಇವುಗಳ ಹುರುಪೆಗಳು ಚರ್ಮದಲ್ಲಿ ಹುದುಗಿದಷ್ಟು ಸಣ್ಣವು. ಹಾಗಾಗಿ ಬಿಳಿಚುಕ್ಕೆ ರೋಗ ಬೇಗ ಹಿಡಿಯುತ್ತದೆ, ಔಷಧಿಯ ಘಾಟೂ ಬೇಗ ತಾಗುತ್ತದೆ. ಅಂಗಡಿಯವರು ಹೇಳಿದ ಪ್ರಮಾಣವನ್ನು ಕಣ್ಣುಮುಚ್ಚಿ ಸುರಿಯಬೇಡಿ.

ಇನ್ನು ಆ ಬೆರಳಿಗೆ ಚುಚ್ಚಿದ ಮುಳ್ಳಿನ ನೆನಪು. ಅದು ಎಲ್ಲಿಯದೆಂದು ಹೊಳೆದದ್ದು ಮತ್ತೊಮ್ಮೆ ಅದೇ ಅಂಗಡಿಗೆ ಹೋದಾಗ. ಒಂದು ತೊಟ್ಟಿಯಲ್ಲಿ ಹಳದಿ ಕಂದು ಬಣ್ಣದ ಮೈತುಂಬ ಅಡ್ಡಗೆರೆಗಳಿರುವ ಹತ್ತಿಪ್ಪತ್ತು ಮೀನುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಜೀಬ್ರಾ ಲೋಚ್ ಎಂದು ಅಂಗಡಿಯವನು ಹೇಳಿದ. ನನಗೆ ಎದೆ ಧಸಕ್ಕೆಂದಿತು. ತೀರ್ಥಹಳ್ಳಿಯ ಕಡೆ ನಾವು ಹುಡುಗರು ಬೇಸಗೆಯಲ್ಲಿ ತುಂಗೆಯ ತೆಳುನೀರಿಗಿಳಿದು ಕಲ್ಲು ಮಗುಚಿದಾಗ ಸರ್ರನೆ ಓಡುತ್ತಿದ್ದ ಪಟ್ಟೆ ಮೀನು ಇದೇ. ಕೈಗೆ ಸಿಕ್ಕರೆ ಚುಚ್ಚುತ್ತದೆ ಎಂಬುದನ್ನು ಬಿಟ್ಟರೆ ಅದರ ಬಗ್ಗೆ ನಮಗೇನೂ ಗೊತ್ತಿರಲಿಲ್ಲ. ಮನೆಗೆ ಬಂದು ಓದಿ ನೋಡಿದರೆ, ಈ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್. 1920ರಲ್ಲಿ, ಶಿವಮೊಗ್ಗದ ತುಂಗಾ ನದಿಯಲ್ಲಿ ದೊರೆತ ಮೀನನ್ನು ವರ್ಣಿಸಿ ಅವರು ‘ಬೋಟಿಯಾ ಸ್ಟ್ರಯೇಟಾ’ ಎಂದು ಹೆಸರಿಟ್ಟರು. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಕಪ್ಪೆಗಳ ಬಗ್ಗೆ ಅವರು ಮಾಡಿದ ಕೆಲಸದ ಗೌರವಕ್ಕಾಗಿ 2010ರಲ್ಲಿ ಕಪ್ಪೆಗಳ ಒಂದು ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಡಲಾಗಿದೆ. ನಮ್ಮ ಊರಿನ ಹೊಳೆ, ನಮ್ಮ ಊರಿನ ಮೀನು, ನಮ್ಮ ಊರಿನ ವಿಜ್ಞಾನಿ. ಮೂವತ್ತೈದು ವರ್ಷ ಪಾಠ ಮಾಡಿದವನಿಗೆ ಇದೊಂದೂ ಗೊತ್ತಿರಲಿಲ್ಲ.

ಜೀಬ್ರಾ ಲೋಚ್ ತನ್ನ ಬಳಗದಲ್ಲಿ ಸಾಕಷ್ಟು ಸೌಮ್ಯ ಸ್ವಭಾವದ್ದು. ಐದಾರನ್ನು ಒಟ್ಟಿಗಿಟ್ಟರೆ ಇತರ ಮೀನುಗಳ ಜೊತೆಗೂ ಹೊಂದಿಕೊಳ್ಳುತ್ತದೆ. ಹಾಗೆಂದು ನಾನು ಅದನ್ನು ಕೊಳ್ಳಲಿಲ್ಲ. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಮಾತ್ರ ಇರುವ ಈ ಮೀನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿಯೆಂದು ಸೇರಿದೆ. ಆವಾಸ ಕೆಡುತ್ತಿರುವುದರ ಜೊತೆಗೆ ಬಣ್ಣದ ಮೀನಿನ ವ್ಯಾಪಾರಕ್ಕಾಗಿ ಹಿಡಿಯುವುದೂ ಅದಕ್ಕೆ ಒಂದು ಕಾರಣ. ಬೋಟಿಯಾ ಜಾತಿಗಳು ಮನೆಯ ತೊಟ್ಟಿಯಲ್ಲಿ ಸುಲಭವಾಗಿ ಮರಿ ಮಾಡುವಂಥವಲ್ಲ. ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದೆಂದು ಖಚಿತವಾಗಿ ಹೇಳಬಲ್ಲ ವ್ಯಾಪಾರಿ ಸಿಗುವವರೆಗೆ ಅದನ್ನು ಕೊಳ್ಳಬಾರದೆಂಬುದು ನನ್ನ ನಿಲುವು. ತುಂಗೆಯ ಮೀನನ್ನು ಯಶವಂತಪುರದಲ್ಲಿ ಪಾಲಿಥಿನ್ ಚೀಲದಲ್ಲಿ ಕಟ್ಟಿಸಿಕೊಳ್ಳಲು ನನ್ನ ಕೈ ಮುಂದೆ ಬರಲಿಲ್ಲ ಎಂಬುದೂ ನಿಜ.

ಇದನ್ನೆಲ್ಲ ಕೇಳಿದ ನನ್ನ ಭಾವಮೈದುನ ಊಟಕ್ಕೆ ಕುಳಿತಾಗ ತಮಾಷೆ ಮಾಡಿದ: “ಭಾವ, ಮಳೆಗಾಲದಲ್ಲಿ ಹತ್ತುಮೀನು ಬಂದಾಗ ಕೂಣಿ ಹಾಕಿ ಹಿಡಿದು ಸಾರು ಮಾಡಿ ಉಂಡವರು ನೀವು. ಈಗ ಬೆರಳುದ್ದದ ಮೀನಿಗೆ ಇಷ್ಟು ಉಪಚಾರವೇ?” ಮಾತು ಕುಟುಕಿದರೂ ನ್ಯಾಯವಾದದ್ದು. ನನ್ನ ಉತ್ತರ ಇದು: ನಾನು ಉಂಡ ಮೀನು ಅದುವರೆಗೆ ಹೊಳೆಯಲ್ಲಿ ತನ್ನಿಷ್ಟದಂತೆ ಬಾಳಿತ್ತು, ಅದರ ಬದುಕಿಗೆ ನಾನು ಹೊಣೆಯಾಗಿರಲಿಲ್ಲ. ಗಾಜಿನ ತೊಟ್ಟಿಯ ಮೀನಿಗೆ ನೀರು, ಬೆಳಕು, ಊಟ, ನೆರೆಹೊರೆ ಎಲ್ಲವನ್ನೂ ನಿಶ್ಚಯಿಸುವವನು ನಾನು. ಇಷ್ಟು ಅಧಿಕಾರವನ್ನು ಕೈಗೆ ತೆಗೆದುಕೊಂಡವನು ‘ಅದರ ಸ್ವಭಾವವೇ ಹಾಗೆ’ ಎಂದು ಕೈತೊಳೆದುಕೊಳ್ಳಬಾರದು.

ಕೆರೆಗೆ ಬಿಡುವ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಕಡೆಯ ಅನೇಕರು ಇದನ್ನು ಪುಣ್ಯದ ಕೆಲಸವೆಂದೇ ತಿಳಿದಿದ್ದಾರೆ. ನಮ್ಮ ನಾಡಿನ ಕೆರೆಗಳಲ್ಲಿ ಈಗಾಗಲೇ ಆಫ್ರಿಕಾ ಮೂಲದ ಜಿಲೇಬಿ ಮೀನು ಹರಡಿದೆ. ಸಾಕಣೆಗೆ ಸರ್ಕಾರದ ನಿಷೇಧವಿದ್ದರೂ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿಕೊಂಡಿದೆ. ‘ತೊಟ್ಟಿ ಸ್ವಚ್ಛ ಮಾಡುತ್ತದೆ’ ಎಂದು ಕೊಂಡ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಮೊಳದುದ್ದ ಬೆಳೆದಾಗ ಜನ ತಂದು ಸುರಿದದ್ದೂ ಅಲ್ಲೇ. ಹೊರಗಿನ ಮೀನು ಒಂದೋ ಅಲ್ಲಿನ ನೀರಿಗೆ ಒಗ್ಗದೆ ನರಳಿ ಸಾಯುತ್ತದೆ, ಇಲ್ಲವೇ ಬದುಕಿ ಅಲ್ಲಿನ ಮೀನುಗಳ ಅನ್ನ ಕಸಿಯುತ್ತದೆ. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕಬಲ್ಲವರಿಗೆ ಕೊಡಿ.

ನಾನೂ ಹಾಗೆಯೇ ಮಾಡಿದೆ. ವಿದ್ಯಾರಣ್ಯಪುರದಲ್ಲಿ ಒಬ್ಬರು ಐದಡಿ ಉದ್ದದ, ಐನೂರು ಲೀಟರಿಗೂ ಮಿಕ್ಕಿ ನೀರು ಹಿಡಿಯುವ ತೊಟ್ಟಿಯಲ್ಲಿ ಇದೇ ಜಾತಿಯ ಆರು ಮೀನುಗಳನ್ನು ಸಾಕಿದ್ದಾರೆಂದು ನನ್ನ ವಿದ್ಯಾರ್ಥಿನಿ ಪತ್ತೆ ಹಚ್ಚಿದಳು. ಕೀಚಕನನ್ನು ಅಲ್ಲಿಗೆ ಒಪ್ಪಿಸಿ ಬಂದೆ. ಮೊದಲ ಕೆಲವು ದಿನ ಅಲ್ಲಿ ದೊಡ್ಡ ಯುದ್ಧವೇ ನಡೆಯಿತಂತೆ. ಕೀಚಕನ ರೆಕ್ಕೆಯೂ ಹರಿಯಿತಂತೆ. ತಿಂಗಳಾದ ಮೇಲೆ ನೋಡಲು ಹೋದೆ. ಸಂಜೆಯ ಮಬ್ಬು ಬೆಳಕಿನಲ್ಲಿ ಒಂದು ತೆಂಗಿನ ಚಿಪ್ಪಿನೊಳಗೆ ಏಳು ಮೀನುಗಳೂ ಒಂದಕ್ಕೊಂದು ಒತ್ತಿಕೊಂಡು ತುರುಕಿಕೊಂಡಿದ್ದವು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಬೇರೆ ಚಿಪ್ಪುಗಳು ಖಾಲಿ ಬಿದ್ದಿದ್ದವು. ಗಾಜಿಗೆ ಕಿವಿಯಿಟ್ಟಾಗ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ನಮ್ಮ ಮನೆಯಲ್ಲಿದ್ದ ಮೂರು ತಿಂಗಳಲ್ಲಿ ಒಂದು ದಿನವೂ ಆ ಸದ್ದನ್ನು ನಾನು ಕೇಳಿರಲಿಲ್ಲ. ಅವುಗಳಲ್ಲಿ ಕೀಚಕ ಯಾವುದೆಂದು ಗುರುತಿಸಲು ನನ್ನಿಂದಾಗಲಿಲ್ಲ.

ಅಲ್ಲಿಂದ ಮರಳುವಾಗ ಬಸ್ಸಿನಲ್ಲಿ ನೆನಪಾದವನು ಒಬ್ಬ ಹುಡುಗ. 1993ರ ಒಂಬತ್ತನೆಯ ತರಗತಿ, ‘ಬಿ’ ವಿಭಾಗ. ಆ ವರ್ಷ ನಾನು ತರಗತಿಯ ಉಪಾಧ್ಯಾಯ. ವರ್ಷದ ನಡುವೆ ಉತ್ತರ ಕರ್ನಾಟಕದಿಂದ ಬಂದು ಸೇರಿದ ಹುಡುಗ ಅವನು; ತಂದೆ ಕಟ್ಟಡ ಕೆಲಸಕ್ಕೆ ಬಂದವರು. ಅವನ ಮಾತಿನ ಧಾಟಿಗೆ ಉಳಿದವರು ನಗುತ್ತಿದ್ದರು. ಅವನು ಹೊಡೆಯುತ್ತಿದ್ದ. ಒಮ್ಮೆ ಒಬ್ಬನ ಹಲ್ಲು ಮುರಿಯಿತು. ನಾನು ಆ ಹುಡುಗನನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಿದೆ. ಅವನ ಜೊತೆ ಯಾರೂ ಮಾತಾಡಬಾರದೆಂದು ಕಟ್ಟಪ್ಪಣೆ ಮಾಡಿದೆ. ಒಂದು ವಾರಕ್ಕೆಂದು ವಿಧಿಸಿದ ಶಿಕ್ಷೆ ನಾಲ್ಕು ತಿಂಗಳು ನಡೆಯಿತು, ಏಕೆಂದರೆ ತರಗತಿ ಶಾಂತವಾಗಿತ್ತು, ನನಗೆ ಅನುಕೂಲವಾಗಿತ್ತು. ಸಂಕ್ರಾಂತಿ ರಜೆಯ ನಂತರ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನು ನಾನೇ.

ಮೀನಿಗೂ ಮಗುವಿಗೂ ಹೋಲಿಕೆ ಪೂರ್ತಿಯಾಗಿ ಸಲ್ಲುವುದಿಲ್ಲವೆಂದು ನಾನು ಬಲ್ಲೆ. ಕಚ್ಚುವುದು ಆ ಮೀನಿಗೆ ಹುಟ್ಟಿನಿಂದ ಬಂದ ಗುಣ; ಆ ಹುಡುಗನಿಗೆ ಹೊಡೆಯುವುದನ್ನು ಕಲಿಸಿದ್ದು ನಮ್ಮ ತರಗತಿ. ಮೀನಿನ ವಿಷಯದಲ್ಲಿ ನಾನು ಒಬ್ಬ ಬಲ್ಲವಳನ್ನಾದರೂ ಕೇಳಿದೆ. ಅವನ ವಿಷಯದಲ್ಲಿ ಅವನನ್ನೇ ‘ಏಕೆ ಹೊಡೆದೆ?’ ಎಂದು ಕೂರಿಸಿಕೊಂಡು ಕೇಳಲಿಲ್ಲ. ಮನೋವಿಜ್ಞಾನದ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಪಡೆದು ಬಿ.ಎಡ್. ಮುಗಿಸಿದವನು ನಾನು.

ಆ ವರ್ಷದ ‘ಬಿ’ ವಿಭಾಗದವರು ಈ ಬರಹಗಳನ್ನು ಓದುತ್ತೀರೆಂದು ನನಗೆ ಗೊತ್ತು. ನಾನು ಯಾರ ಬಗ್ಗೆ ಹೇಳುತ್ತಿದ್ದೇನೆಂದು ನಿಮಗೆ ಹೆಸರಿಲ್ಲದೆಯೂ ತಿಳಿದಿರುತ್ತದೆ. ಹೆಸರನ್ನು ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಅವನಿಗೆ ಈಗ ನಲವತ್ತಾರು, ನಲವತ್ತೇಳು ವಯಸ್ಸಾಗಿರಬೇಕು. ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ಮೇಷ್ಟ್ರು ಒಮ್ಮೆ ನೋಡಬೇಕೆನ್ನುತ್ತಿದ್ದಾರೆ ಎಂದಷ್ಟೇ ಅವನಿಗೆ ತಿಳಿಸಿ. ಅವನು ಬರಲೊಲ್ಲೆ ಎಂದರೆ ಒತ್ತಾಯಿಸಬೇಡಿ.

ತೊಟ್ಟಿ ಇನ್ನೂ ನಡುಮನೆಯಲ್ಲೇ ಇದೆ. ಏಂಜಲ್‌ನ ರೆಕ್ಕೆ ಮತ್ತೆ ಚಿಗುರಿದೆ. ಗಾಜಿನ ಮೇಲೆ ನಾಲ್ಕೈದು ಬಸವನ ಹುಳುಗಳು ಹರಿದಾಡುತ್ತಿವೆ. ಇರಲಿ ಎಂದು ಬಿಟ್ಟಿದ್ದೇನೆ.